ಪೇಷೆಂಟ್ ಪರ ಮಾತಾಡೋಕೂ ಕೋರ್ಸ್ ಇದ್ಯಾ?

ಪ್ರಶ್ನೆ: ನಾನು ಬಿಎಸ್‌ಡಬ್ಲ್ಯೂ (ಸಮಾಜಕಾರ್ಯ ಪದವಿ) ಕೊನೇ ವರ್ಷ. ಅಮೆರಿಕದಲ್ಲಿರೋ ನಮ್ಮಕ್ಕ 'ಪೇಷೆಂಟ್ ಅಡ್ವೊಕೇಟ್' ಆಗೋಕೆ ಮಾಸ್ಟರ್ಸ್ ಇದೆ, ಮಾಡು ಅಂತಿದಾಳೆ. ಇದೇನು ಲಾಯರ್ ಕೆಲ್ಸಾನಾ?
– ಓದುಗಿ, ಹಾಸನ

ಉತ್ತರ: ಕರಿ ಕೋಟೇನೂ ಬೇಡಮ್ಮ! ಡಾಕ್ಟ್ರು ಹೇಳಿದ್ದನ್ನ ರೋಗಿಗೆ ಅರ್ಥ ಆಗೋ ಹಾಗೆ ಬಿಡಿಸಿ ಹೇಳೋದು, ಇನ್ಶೂರೆನ್ಸ್‌ನೋರು ಕ್ಲೇಮ್ ತಳ್ಳಿಹಾಕಿದ್ರೆ ಅಪೀಲ್ ಹಾಕ್ಸೋದು, ಬಿಲ್ಲಲ್ಲಿ ಒಂದೇ ಟೆಸ್ಟು ಎರಡ್ಸಲ ಸೇರ್ಕೊಂಡಿದ್ರೆ ಹಿಡಿಯೋದು, ಇಂಥ ಕೆಲ್ಸ. ಅಮೆರಿಕದಲ್ಲಿ ಇದಕ್ಕೇ ಅಂತ ಮೊದಲ ಮಾಸ್ಟರ್ಸ್ ಶುರುವಾಗಿದ್ದು 1980ರಲ್ಲಿ, ನ್ಯೂಯಾರ್ಕ್ ಹತ್ರದ ಸಾರಾ ಲಾರೆನ್ಸ್ ಕಾಲೇಜಲ್ಲಿ. ಪ್ರತ್ಯೇಕ ಸರ್ಟಿಫಿಕೇಷನ್ ಪರೀಕ್ಷೆ ಬಂದಿದ್ದು ಮಾತ್ರ 2018ರಲ್ಲಿ, ಅಂದ್ರೆ ಓದು ಮೊದ್ಲು ಬಂತು, ಪರೀಕ್ಷೆ ಎಷ್ಟೋ ವರ್ಷ ಆದ್ಮೇಲೆ.

ಆದ್ರೆ ಅಲ್ಲಿ ಕಲಿಯೋ ಇನ್ಶೂರೆನ್ಸು, ಕಾನೂನು ಎಲ್ಲ ಅಲ್ಲಿಂದೇ. ವಾಪಸ್ ಬಂದು ಹಾಸನದಲ್ಲೇ ಕೆಲ್ಸ ಮಾಡ್ತೀನಿ ಅಂದ್ರೆ ಅಷ್ಟು ಫೀಸು ಸುರಿಯೋದು ನಂಗಂತೂ ಸರಿ ಕಾಣ್ಸಲ್ಲ. ಇಲ್ಲೇ ಎಂಎಸ್‌ಡಬ್ಲ್ಯೂನಲ್ಲಿ ಮೆಡಿಕಲ್ ಅಂಡ್ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ತಗೋ, ಫೀಲ್ಡ್‌ವರ್ಕ್ ದೊಡ್ಡಾಸ್ಪತ್ರೆ ವಾರ್ಡಲ್ಲೇ ಕೇಳಿ ಹಾಕಿಸ್ಕೋ. ಸರ್ಕಾರಿ ಆರೋಗ್ಯ ಯೋಜನೆ ವಿಚಾರದಲ್ಲಿ ರೋಗಿಗಳಿಗೆ ನೆರವಾಗೋ ಆರೋಗ್ಯಮಿತ್ರರ ಕೌಂಟರ್ ಪಕ್ಕ ನಾಲ್ಕು ದಿನ ನಿಂತ್ರೆ ಯಾವ ಕಾಗದ ಇಲ್ದೆ ಜನ ಪರದಾಡ್ತಾರೆ ಅಂತ ಗೊತ್ತಾಗುತ್ತೆ. ಜೊತೆಗೆ ನಮ್ಮ ಕೆಪಿಎಂಇ ಕಾಯ್ದೆಯ (ಕರ್ನಾಟಕದ ಖಾಸಗಿ ಆಸ್ಪತ್ರೆಗಳ ಕಾಯ್ದೆ) 2017ರ ತಿದ್ದುಪಡಿ ಓದ್ಕೋ, ಬಾಕಿ ಕಟ್ಟಿಲ್ಲ ಅಂತ ಖಾಸಗಿ ಆಸ್ಪತ್ರೆಯೋರು ಶವ ಕೊಡದೆ ಇಟ್ಕೊಳೋ ಹಾಗಿಲ್ಲ ಅಂತ ಅದ್ರಲ್ಲೇ ಇದೆ, ಇದು ಎಷ್ಟೋ ಮನೆಯೋರಿಗೆ ಗೊತ್ತೇ ಇಲ್ಲ.

ಅಕ್ಕಂಗೆ ಬೇಜಾರಾದ್ರೆ ನನ್ ಹೆಸ್ರು ಹೇಳು.