ಖೋ ಖೋ, ಭಾಷಣದ ಬಹುಮಾನಗಳು ಮುಂದೆ ಕಾಲೇಜ್ ಸೀಟಿಗೆ ಲೆಕ್ಕಕ್ಕೆ ಬರುತ್ತವಾ?

ನಮಸ್ಕಾರ ಸರ್. ನೀವು ಶಹಾಪುರದವರು, ಮಗಳು ಒಂಬತ್ತನೇ ತರಗತಿ ಅಂದಿದ್ದೀರಿ. ಖೋ ಖೋದಲ್ಲಿ ವಿಭಾಗ ಮಟ್ಟದವರೆಗೆ ಆಡಿ ಬಂದಿದ್ದಾಳೆ. ಪ್ರತಿಭಾ ಕಾರಂಜಿ ಭಾಷಣದಲ್ಲಿ ಜಿಲ್ಲೆಗೆ ಎರಡನೇ ಬಹುಮಾನ. ಇದೆಲ್ಲ ಮುಂದೆ ಸೀಟಿಗೆ ಉಪಯೋಗ ಆಗುತ್ತಾ, ಇಲ್ಲದಿದ್ದರೆ ಈಗಲೇ ಬಿಡಿಸಿ ಟ್ಯೂಷನ್‌ಗೆ ಹಾಕಲಾ ಅಂತ ಕೇಳಿದ್ದೀರಿ.

ನಾನು ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ 22 ವರ್ಷದಿಂದ ಪಿ.ಟಿ. ಮಾಸ್ತರ. ಪ್ರತಿ ವರ್ಷ ಏಪ್ರಿಲ್, ಮೇ ಬಂತೆಂದರೆ ಹಳೇ ವಿದ್ಯಾರ್ಥಿಗಳು ಪ್ಲಾಸ್ಟಿಕ್ ಫೈಲ್ ಹಿಡಿದುಕೊಂಡು ಮನೆಗೆ ಬರುತ್ತಾರೆ. "ಸರ್, ಇದು ನಡೀತದೇನ್ರಿ ನೋಡ್ರಿ" ಅಂತ ಒಂದೊಂದೇ ಸರ್ಟಿಫಿಕೇಟ್ ತೆಗೆದು ಟೇಬಲ್ ಮೇಲೆ ಇಡುತ್ತಾರೆ. ಮೂವತ್ತು ಕಾಗದ ಇದ್ದರೆ ಇಪ್ಪತ್ತೆಂಟು ನಡೆಯುವುದಿಲ್ಲ. ಅದನ್ನು ಮಗುವಿನ ಮುಖ ನೋಡಿ ಹೇಳುವುದು ಬಹಳ ಕಷ್ಟ. ಅದಕ್ಕೇ ಒಂಬತ್ತನೇ ತರಗತಿಯಲ್ಲೇ ಕೇಳಿದ್ದೀರಲ್ಲ, ಖುಷಿಯಾಯಿತು.

ನೇರವಾಗಿ ಹೇಳುತ್ತೇನೆ. ಬಿಡಿಸಬೇಡಿ. ಹಾಗಂತ ಸೀಟು ಸಿಗುತ್ತದೆ ಅನ್ನುವ ಆಸೆಗೆ ಆಡಿಸಲೂಬೇಡಿ. ಯಾವ ಕಾಲೇಜಿನ ಬಾಗಿಲು ತಟ್ಟುತ್ತೀರಿ ಅನ್ನುವುದರ ಮೇಲೆ ಈ ಕಾಗದಗಳ ಬೆಲೆ ಬದಲಾಗುತ್ತದೆ.

ಮೊದಲು ನಮ್ಮ ಮಕ್ಕಳು ಜಾಸ್ತಿ ಹೋಗುವ ಬಾಗಿಲು ನೋಡೋಣ. ಎಂಜಿನಿಯರಿಂಗ್‌ಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ರ‍್ಯಾಂಕ್ ಹಾಕುವುದು ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕಕ್ಕೆ ಅರ್ಧ, ಸಿಇಟಿ ಅಂಕಕ್ಕೆ ಅರ್ಧ ಲೆಕ್ಕ ಹಿಡಿದು. ಮೆಡಿಕಲ್‌ಗೆ ನೀಟ್, ಅದರ 720 ಅಂಕ. ಅಲ್ಲಿ ಭಾಷಣ ಚೆನ್ನಾಗಿ ಮಾಡುತ್ತಾಳಾ, ಓಡುತ್ತಾಳಾ ಅಂತ ಯಾರೂ ಕೇಳುವುದಿಲ್ಲ. ಪ್ರತಿಭಾ ಕಾರಂಜಿಯ ಬಹುಮಾನಕ್ಕೆ ಸಿಇಟಿಯಲ್ಲಿ ಜಾಗವೇ ಇಲ್ಲ. ಭರತನಾಟ್ಯ, ಚಿತ್ರಕಲೆ, ಸಂಗೀತಕ್ಕೂ ಇಲ್ಲ. ಇದು ನನಗೆ ಬೇಜಾರಿನ ಸಂಗತಿ, ಆದರೆ ಇರುವುದು ಹಾಗೆಯೇ.

ಸಿಇಟಿಯಲ್ಲಿ ಚಿಕ್ಕದೊಂದು ಕಿಂಡಿ ಇದೆ. ಅದು ವಿಶೇಷ ಪ್ರವರ್ಗ. ಕ್ರೀಡೆ, ಎನ್‌ಸಿಸಿ, ಸ್ಕೌಟ್ಸ್ ಗೈಡ್ಸ್ ಮಕ್ಕಳಿಗೆ ಕೆಲವೇ ಕೆಲವು ಸೀಟು ಇಟ್ಟಿರುತ್ತಾರೆ. ಆದರೆ ರಾಜ್ಯದ ತಂಡದಲ್ಲಿ ರಾಷ್ಟ್ರ ಮಟ್ಟಕ್ಕೆ ಆಡಿದ ಮಕ್ಕಳೇ ಅಲ್ಲಿ ಸಾಲಿನ ಮುಂದೆ ನಿಂತಿರುತ್ತಾರೆ. ವಿಭಾಗ ಮಟ್ಟದ ಕಾಗದಕ್ಕೆ ಅಲ್ಲಿ ಬಲವಿಲ್ಲ. ನಿಮ್ಮ ಮಗಳು ಇನ್ನು ಎರಡು ಮೆಟ್ಟಿಲು ಹತ್ತಬೇಕು: ವಿಭಾಗದಿಂದ ರಾಜ್ಯ, ರಾಜ್ಯದಿಂದ ರಾಷ್ಟ್ರೀಯ ಶಾಲಾ ಕ್ರೀಡಾಕೂಟ. ಒಂಬತ್ತನೇ ತರಗತಿಯ ಹುಡುಗಿಗೆ ಅದು ಆಗದ ಮಾತಲ್ಲ. ಒಂದು ವಿಷಯ ನೆನಪಿಡಿ. ಈ ಪ್ರವರ್ಗವನ್ನು ಸಿಇಟಿ ಅರ್ಜಿ ತುಂಬುವಾಗಲೇ ಟಿಕ್ ಮಾಡಬೇಕು, ಆಮೇಲೆ ಮೂಲ ಸರ್ಟಿಫಿಕೇಟ್ ತೆಗೆದುಕೊಂಡು ಪರಿಶೀಲನೆಗೆ ಹೋಗಬೇಕು. ಸೈಬರ್ ಸೆಂಟರ್ ಹುಡುಗನ ಕೈಗೆ ಅರ್ಜಿ ಕೊಟ್ಟು ಚಹಾ ಕುಡಿಯಲು ಹೋಗಬೇಡಿ. ಪಕ್ಕದಲ್ಲೇ ಕೂತು ತುಂಬಿಸಿ.

ಇಲ್ಲಿ ನಡೆದ ಒಂದು ಘಟನೆ ಹೇಳಲೇಬೇಕು. ಕೆಲವು ವರ್ಷದ ಹಿಂದೆ ನಮ್ಮ ಶಾಲೆಯಿಂದ ಪಾಸಾಗಿ ಹೋಗಿದ್ದ ಒಬ್ಬ ಹುಡುಗ ಬೇರೆ ರಾಜ್ಯದಲ್ಲಿ ನಡೆದ "ನ್ಯಾಷನಲ್ ಚಾಂಪಿಯನ್‌ಶಿಪ್"ಗೆ ಹೋಗಿ ಬಂದ. ತಂದೆ ಎಪಿಎಂಸಿಯಲ್ಲಿ ಹಮಾಲಿ ಮಾಡುವವರು. ಪ್ರವೇಶ ಶುಲ್ಕ, ಟ್ರ್ಯಾಕ್ ಸೂಟ್, ರೈಲು, ಊಟ ಎಲ್ಲ ಸೇರಿ ಎಂಟು ಸಾವಿರ ರೂಪಾಯಿ ಸಾಲ ಮಾಡಿ ಕಳಿಸಿದ್ದರು. ಹುಡುಗ ಗೋಲ್ಡ್ ಮೆಡಲ್ ತಂದ. ಸರ್ಟಿಫಿಕೇಟ್ ದಪ್ಪ ಕಾಗದದ್ದು, ಮೇಲೆ ಬಂಗಾರದ ಬಣ್ಣದ ಅಂಚು, ಮೂರು ಸಹಿ, ಒಂದು ಹೊಳೆಯುವ ಸ್ಟಿಕ್ಕರ್. ಎರಡು ವರ್ಷ ಆ ಮನೆಯ ಗೋಡೆ ಮೇಲೆ ಇತ್ತು. ಪರಿಶೀಲನೆಗೆ ಬೆಂಗಳೂರಿಗೆ ಹೋದಾಗ ಎರಡು ನಿಮಿಷದಲ್ಲಿ ವಾಪಸ್ ಕೊಟ್ಟರು. ಆ ಸಂಸ್ಥೆಗೆ ಮಾನ್ಯತೆಯೇ ಇರಲಿಲ್ಲ. ನಾಲ್ಕೇ ತಂಡ ಬಂದಿದ್ದವಂತೆ, ಎಲ್ಲರಿಗೂ ಏನಾದರೊಂದು ಮೆಡಲ್. ತಂದೆ ಮಗ ಇಬ್ಬರೂ ಅದೇ ರಾತ್ರಿ ರೈಲಿಗೆ ಹೊರಟು, ಬೆಳಗ್ಗೆ ಸ್ಟೇಷನ್ನಿನಿಂದ ಸೀದಾ ನನ್ನ ಮನೆಗೆ ಬಂದರು. ತಂದೆ ಏನೂ ಮಾತಾಡಲಿಲ್ಲ. ಫೈಲ್ ಟೇಬಲ್ ಮೇಲಿಟ್ಟು ಕೂತುಬಿಟ್ಟರು.

ಅವತ್ತಿನಿಂದ ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ. ಕೂಟಕ್ಕೆ ಹೋಗುವ ಮೊದಲೇ ಕೇಳಿ: ನಡೆಸುವವರು ಯಾರು? ಶಾಲಾ ಶಿಕ್ಷಣ ಇಲಾಖೆಯ ಕೂಟವಾ, ಎಸ್‌ಜಿಎಫ್‌ಐ (ಭಾರತೀಯ ಶಾಲಾ ಕ್ರೀಡಾ ಫೆಡರೇಷನ್) ನಡೆಸುವುದಾ, ಮಾನ್ಯತೆ ಇರುವ ಫೆಡರೇಷನ್‌ದಾ? ತಾಲ್ಲೂಕು, ಜಿಲ್ಲೆಯಲ್ಲಿ ಆಡಿ ಗೆಲ್ಲದೆ, ಆಯ್ಕೆಯೇ ಇಲ್ಲದೆ, ದುಡ್ಡು ಕಟ್ಟಿದವರೆಲ್ಲ ಸೀದಾ "ನ್ಯಾಷನಲ್"ಗೆ ಹೋಗುತ್ತಾರೆ ಅಂದರೆ ಅಲ್ಲೇ ನಿಂತುಬಿಡಿ. ನಮ್ಮ ಕಡೆ ಕರಾಟೆ, ಯೋಗ, ಅಬಾಕಸ್, ಒಲಿಂಪಿಯಾಡ್ ಹೆಸರಲ್ಲೂ ಇದೇ ನಡೆದಿದೆ.

ಅಂದ ಹಾಗೆ, ಕ್ರೀಡೆಯ ಕೋಟಾದ ಹಿಂದೆ ಓಡುವ ಎಷ್ಟೋ ಮನೆಗಳಲ್ಲಿ ಅದಕ್ಕಿಂತ ದೊಡ್ಡ ಬಾಗಿಲು ತೆರೆಯುವ ಕಾಗದವೇ ಸಿದ್ಧ ಇರುವುದಿಲ್ಲ. 371(ಜೆ) ಪ್ರಮಾಣಪತ್ರ, ಅಂದರೆ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನ ಕೊಟ್ಟ ವಿಶೇಷ ಮೀಸಲಾತಿಯ ಕಾಗದ. ನಮ್ಮ ಭಾಗದ ಕಾಲೇಜುಗಳಲ್ಲಿ 70% ಸೀಟು ಇಲ್ಲಿನ ಮಕ್ಕಳಿಗೆ, ರಾಜ್ಯದ ಉಳಿದ ಕಡೆಯ ಕಾಲೇಜುಗಳಲ್ಲಿ 8%. ಮಗಳು ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ 15%, ಹತ್ತೂ ವರ್ಷ ಕನ್ನಡ ಮಾಧ್ಯಮವಾದರೆ 5%. ಇವಕ್ಕೆ ಮೆಡಲ್ ಬೇಡ, ಕಾಗದ ಸರಿ ಇದ್ದರೆ ಸಾಕು. ಮೊದಲು ಇವನ್ನು ಮಾಡಿಸಿಡಿ.

ಇನ್ನೊಂದು ಬಾಗಿಲಿದೆ. ಅದನ್ನು ಯಾರೂ ಸಾಧನೆ ಅಂತ ಕರೆಯುವುದೇ ಇಲ್ಲ. ಕೃಷಿ, ಪಶುವೈದ್ಯ ಕೋರ್ಸುಗಳಲ್ಲಿ ರೈತರ ಮಕ್ಕಳಿಗೆ ಅಂತ ಸೀಟು ಇದೆ, ಅದಕ್ಕೆ ಬೇರೆಯೇ ಒಂದು ಪ್ರಾಯೋಗಿಕ ಪರೀಕ್ಷೆ. ಬೀಜ, ಬೆಳೆ, ಸಲಕರಣೆ ತೋರಿಸಿ ಗುರುತಿಸಲು ಹೇಳುತ್ತಾರೆ. ಜೇವರ್ಗಿ ಕಡೆಯ ನನ್ನ ಒಬ್ಬ ವಿದ್ಯಾರ್ಥಿ ಒಂದೂ ಸರ್ಟಿಫಿಕೇಟ್ ಇಲ್ಲದ ಹುಡುಗ. ಆಟಕ್ಕೆ ಕರೆದರೆ "ಹೊಲಕ್ಕ ಹೋಗಬೇಕ್ರಿ ಸರ್" ಅನ್ನುತ್ತಿದ್ದ. ಆ ಪರೀಕ್ಷೆ ಮುಗಿಸಿ ಬಂದು ಫೋನ್ ಮಾಡಿದ: "ಸರ್, ಎಲ್ಲಾ ನಮ್ಮ ಹೊಲದಾಗ ಇದ್ದಿದ್ದೇ ಇಟ್ಟಿದ್ರು." ಕೂರಿಗೆ, ಎಡೆಕುಂಟೆ ಅವನಿಗೆ ಪುಸ್ತಕದ ಚಿತ್ರವಲ್ಲ. ನೆಟೆ ರೋಗ ಹತ್ತಿದ ತೊಗರಿ ಗಿಡವನ್ನು ಅವನು ದೂರದಿಂದಲೇ ಹೇಳುತ್ತಾನೆ. ಕೋಚಿಂಗ್‌ಗೆ ಹೋದ ಪೇಟೆ ಹುಡುಗರು ಫೋಟೊ ನೋಡಿ ಬಾಯಿಪಾಠ ಮಾಡಿದ್ದರಂತೆ. ಈಗ ಅವನು ನಿಮ್ಮ ಊರಿನ ಹತ್ತಿರವೇ, ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದಾನೆ. ನಿಮಗೆ ಹೊಲ ಇದ್ದರೆ, ಮಗಳಿಗೆ ಆ ಕಡೆ ಮನಸ್ಸಿದ್ದರೆ, ರಜೆಯಲ್ಲಿ ಅವಳನ್ನೂ ಬಿತ್ತನೆಗೆ ಕರೆದುಕೊಂಡು ಹೋಗಿ.

ರಾಜ್ಯದ ಹೊರಗಿನ ಬಾಗಿಲುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ದೆಹಲಿ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಕ್ರೀಡೆ ಮತ್ತು ಕಲೆ, ಚರ್ಚೆಯಂಥ ಚಟುವಟಿಕೆಗೆ ಸೇರಿ 5%ವರೆಗೆ ಹೆಚ್ಚುವರಿ ಸೀಟು ಇವೆ. ಸಿಯುಇಟಿ ಅನ್ನುವ ರಾಷ್ಟ್ರ ಮಟ್ಟದ ಪ್ರವೇಶ ಪರೀಕ್ಷೆ ಬರೆದಿರಬೇಕು, ಜೊತೆಗೆ ಅಲ್ಲೇ ಆಡಿ, ಹಾಡಿ, ಮಾತಾಡಿ ತೋರಿಸಬೇಕು. ಆದರೆ ಅಲ್ಲಿ ಚರ್ಚೆ ಹಿಂದಿ ಇಲ್ಲಾ ಇಂಗ್ಲಿಷಿನಲ್ಲಿ. ಐಐಟಿ ಮದ್ರಾಸ್ 2024ರಿಂದ ಕ್ರೀಡಾಪಟುಗಳಿಗೆ ಪ್ರತಿ ಕೋರ್ಸಿನಲ್ಲಿ ಎರಡು ಹೆಚ್ಚುವರಿ ಸೀಟು ಇಟ್ಟಿದೆ, ಅದರಲ್ಲಿ ಒಂದು ಹುಡುಗಿಯರಿಗೇ. ಅಲ್ಲಿಯೂ ಜೆಇಇ ಅಡ್ವಾನ್ಸ್ಡ್ ರ‍್ಯಾಂಕ್ ಪಟ್ಟಿಯಲ್ಲಿ ಹೆಸರು ಇರಲೇಬೇಕು, ಅವರ ಪಟ್ಟಿಯಲ್ಲಿರುವ ಆಟದಲ್ಲಿ ರಾಷ್ಟ್ರ ಮಟ್ಟದ ಮೆಡಲ್ ಬೇಕು. ಮರುವರ್ಷ ಕಲೆಗೂ ಅಂಥದ್ದೇ ಸೀಟು ಶುರು ಮಾಡಿದರು. ನಮ್ಮ ರಾಜ್ಯದೊಳಗೇ ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆ ಚೆನ್ನಾಗಿ ಆಡುವ ಮಕ್ಕಳನ್ನು ದತ್ತು ತೆಗೆದುಕೊಂಡು ಉಚಿತವಾಗಿ ಓದಿಸುತ್ತದೆ. ಖೋ ಖೋ ಹುಡುಗಿಗೆ ಇವುಗಳಲ್ಲಿ ಹೆಚ್ಚು ಹತ್ತಿರದ್ದು ಇದೇ ಅಂತ ನನಗೆ ಅನಿಸುತ್ತದೆ.

ಇನ್ನು ಕೆಲವು ಕಡೆ ಅರ್ಜಿಯಲ್ಲೇ "ತರಗತಿಯ ಹೊರಗೆ ಏನು ಮಾಡುತ್ತೀರಿ" ಅಂತ ಕೇಳುತ್ತಾರೆ, ಇಲ್ಲಾ ಸಂದರ್ಶನ ಮಾಡುತ್ತಾರೆ. ಅಮೆರಿಕದ ಬಹಳಷ್ಟು ಕಾಲೇಜುಗಳಿಗೆ ಹಾಕುವ ಕಾಮನ್ ಆ್ಯಪ್ ಅನ್ನುವ ಅರ್ಜಿಯಲ್ಲಿ ಹತ್ತು ಚಟುವಟಿಕೆ ಬರೆಯಬಹುದು. ಒಂದೊಂದರ ವಿವರಕ್ಕೆ 150 ಅಕ್ಷರ ಅಷ್ಟೇ. ಜೊತೆಗೆ ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಅಂತ ಕೇಳುತ್ತಾರೆ. ಅಲ್ಲಿರುವ ಚಟುವಟಿಕೆಗಳ ಪಟ್ಟಿ ಮೊದಲ ಸಲ ನೋಡಿದಾಗ ನನಗೆ ಕಣ್ಣು ತುಂಬಿ ಬಂತು. ಕ್ರೀಡೆ, ಸಂಗೀತ, ಚರ್ಚೆ ಜೊತೆಗೆ "ಮನೆಯ ಜವಾಬ್ದಾರಿ" ಅಂತಲೇ ಒಂದು ಸಾಲು ಇದೆ. ಕೂಲಿಗೆ ಮಾಡಿದ ಕೆಲಸಕ್ಕೂ ಒಂದು ಸಾಲು ಇದೆ. ನಮ್ಮ ಮಕ್ಕಳು ಇದನ್ನು ಮುಚ್ಚಿಡುತ್ತಾರೆ, ನಾಚಿಕೆ ಪಡುತ್ತಾರೆ.

ಒಬ್ಬಳು ಹುಡುಗಿ ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವಾಗ ಆ ಜಾಗದಲ್ಲಿ "ನಿಲ್" ಅಂತ ಬರೆದಿದ್ದಳು. ತಾಯಿ ಕಡಕ್ ರೊಟ್ಟಿ ಮಾಡಿ ಮಾರುವವರು. "ಬೆಳಗ್ಗೆ ಎಷ್ಟಕ್ಕೆ ಏಳ್ತೀಯವ್ವ?" ಅಂತ ಕೇಳಿದೆ. "ಐದಕ್ಕ್ರಿ." ಎದ್ದು ಏನು ಮಾಡ್ತೀಯ ಅಂದರೆ ಹಿಟ್ಟು ಅಳೆದು ಕೊಡುತ್ತಾಳೆ, ಬೆಂದ ರೊಟ್ಟಿ ಎಣಿಸಿ ಹತ್ತರ ಕಟ್ಟು ಕಟ್ಟುತ್ತಾಳೆ. ಯಾವ ಖಾನಾವಳಿಗೆ ಎಷ್ಟು ಹೋಯಿತು, ಯಾರು ಉದ್ರಿ ಇಟ್ಟಿದ್ದಾರೆ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಜೋಳದ ರೇಟು ಏರಿದಾಗ ರೊಟ್ಟಿಗೆ ಒಂದು ರೂಪಾಯಿ ಹೆಚ್ಚಿಗೆ ಮಾಡಿದರೆ ಎಷ್ಟು ಗಿರಾಕಿ ಬಿಟ್ಟುಹೋಗಬಹುದು ಅಂತ ಲೆಕ್ಕ ಹಾಕಿದವಳೂ ಅವಳೇ. "ನಿಲ್" ಹೊಡೆದು ಅದನ್ನೇ ಬರೆಸಿದೆ. ಸಂದರ್ಶನದಲ್ಲಿ ಅರ್ಧ ಹೊತ್ತು ರೊಟ್ಟಿ ಬಗ್ಗೆಯೇ ಕೇಳಿದರಂತೆ. ಅವಳಿಗೆ ಸೀಟು ಸಿಕ್ಕಿತು, ಶುಲ್ಕವನ್ನೂ ಬಿಟ್ಟರು. ರೊಟ್ಟಿಯಿಂದಲೇ ಸಿಕ್ಕಿತು ಅಂತ ಹೇಳಲಾರೆ, ಅವಳ ಪರೀಕ್ಷೆಯೂ ಚೆನ್ನಾಗಿ ಆಗಿತ್ತು. ಆದರೆ ಮೂವತ್ತು ಸರ್ಟಿಫಿಕೇಟ್ ಇದ್ದ ಮಕ್ಕಳ ನಡುವೆ ಅವಳು ತಡವರಿಸದೆ ಮಾತಾಡಿದಳು. ಯಾಕೆಂದರೆ ತಾನು ಮಾಡಿದ್ದನ್ನೇ ಹೇಳುತ್ತಿದ್ದಳು.

ನಿಮ್ಮ ಮಗಳ ಭಾಷಣಕ್ಕೆ ಬೆಲೆ ಇರುವುದು ಇಂಥ ಕಡೆ. ಎರಡನೇ ಬಹುಮಾನದ ಕಾಗದಕ್ಕಲ್ಲ, ಎದುರಿಗೆ ಕೂತವರ ಮುಂದೆ ನಿಂತು ಮಾತಾಡುವ ಧೈರ್ಯಕ್ಕೆ. ಅಮೆರಿಕಕ್ಕೆ ಎಲ್ಲರೂ ಹೋಗಲಿ ಅಂತ ನಾನು ಹೇಳುತ್ತಿಲ್ಲ. ಹಾರ್ವರ್ಡ್, ಎಂಐಟಿಯಂಥ ಕೆಲವೇ ಕಾಲೇಜುಗಳು ಹೊರದೇಶದ ಮಗುವಿನ ಮನೆಯ ದುಡ್ಡು ನೋಡದೆ ಆಯ್ಕೆ ಮಾಡಿ, ಖರ್ಚನ್ನೂ ನೋಡಿಕೊಳ್ಳುತ್ತವೆ. ಅಲ್ಲಿ ಪೈಪೋಟಿ ವಿಪರೀತ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಬೆಂಗಳೂರಿನಲ್ಲೇ ಇದೆ, ಪರೀಕ್ಷೆ ಜೊತೆ ಸಂದರ್ಶನವೂ ಇದೆ, ಆದಾಯ ಕಡಿಮೆ ಇರುವ ಮನೆಯ ಮಕ್ಕಳಿಗೆ ವಿದ್ಯಾರ್ಥಿವೇತನವೂ ಇದೆ. ಅದು ನಮ್ಮ ಕೈಗೆ ಎಟುಕುವಂಥದ್ದು.

ಇನ್ನು ಟ್ಯೂಷನ್ ಮಾತು. ಖೋ ಖೋ ಅಭ್ಯಾಸಕ್ಕೆ ದಿನಕ್ಕೆ ಒಂದೂವರೆ ಗಂಟೆ ಸಾಕು. ನಮ್ಮ ಬಿಸಿಲಿಗೆ ಅದು ಬೆಳಗ್ಗೆಯೇ ಆಗಬೇಕು. ಸಂಜೆ ಪೂರ್ತಿ ಖಾಲಿ ಇರುತ್ತದೆ, ಗಣಿತ ಕಷ್ಟವಾದರೆ ಆಗ ಹಾಕಿ. ನಾನು ಆಟ ನಿಲ್ಲಿಸಿ ಅಂತ ಹೇಳುವುದು ಎರಡೇ ಸಂದರ್ಭದಲ್ಲಿ: ಗಾಯವಾದಾಗ, ಮತ್ತು ಸೆಕೆಂಡ್ ಪಿಯುಸಿಯ ಕೊನೆಯ ಮೂರು ತಿಂಗಳು. ಮೂರನೆಯದಾಗಿ ಅವಳೇ ಬೇಡ ಅಂದರೆ. ಅವಳನ್ನು ಕೇಳಿದ್ದೀರಾ? ನಿಮ್ಮ ಪ್ರಶ್ನೆಯಲ್ಲಿ ಅದೊಂದು ಕಾಣಲಿಲ್ಲ.

ಈ ವಾರ ಒಂದು ನೂರು ಪುಟದ ನೋಟ್‌ಬುಕ್ ತಂದುಕೊಡಿ. ಯಾವ ಕೂಟ, ಯಾವ ತಾರೀಖು, ಎಲ್ಲಿ, ಯಾವ ಮಟ್ಟ, ನಡೆಸಿದವರು ಯಾರು ಅಂತ ಅವಳೇ ಬರೆದಿಡಲಿ. ಮನೆಯಲ್ಲಿ ಏನು ಮಾಡುತ್ತಾಳೆ, ತಮ್ಮನಿಗೆ ಪಾಠ ಹೇಳಿಕೊಡುತ್ತಾಳಾ, ಅದನ್ನೂ ಬರೆಯಲಿ. ಸರ್ಟಿಫಿಕೇಟ್‌ನಲ್ಲಿರುವ ಹೆಸರು, ಹುಟ್ಟಿದ ದಿನ ಶಾಲೆಯ ದಾಖಲೆಗೆ ಅಕ್ಷರ ಬಿಡದೆ ಹೊಂದಬೇಕು. ತಪ್ಪಿದ್ದರೆ ಈಗಲೇ ಹೆಡ್‌ಮಾಸ್ತರರಿಗೆ ಹೇಳಿ ತಿದ್ದಿಸಿ, ಮೂರು ವರ್ಷ ಕಳೆದರೆ ಸಹಿ ಹಾಕಿದವರು ವರ್ಗವಾಗಿ ಹೋಗಿರುತ್ತಾರೆ. ವಿಭಾಗ ಮಟ್ಟದ ಸರ್ಟಿಫಿಕೇಟ್‌ನ ಫೋಟೊ ತೆಗೆದು, ಹೆಸರು ಮುಚ್ಚಿ ನನಗೆ ಕಳಿಸಿ ಸರ್. ಇಲಾಖೆಯದ್ದೋ ಅಲ್ಲವೋ ನೋಡಿ ಹೇಳುತ್ತೇನೆ.