ಡಾ ನಾಂಗ್‌ನಲ್ಲಿ ಚಿನ್ನದ ಸೇತುವೆ ಬಿಟ್ಟು ನೋಡಲು ಏನಿದೆ?

ಅಕ್ಟೋಬರ್‌ನಲ್ಲಿ ಅಪ್ಪ-ಅಮ್ಮನನ್ನು ಕರೆದುಕೊಂಡು 4 ದಿನ ವಿಯೆಟ್ನಾಂನ ಡಾ ನಾಂಗ್‌ಗೆ ಹೊರಟಿದ್ದೀರಿ. ಎರಡು ದೈತ್ಯ ಕೈಗಳು ಎತ್ತಿ ಹಿಡಿದಂತೆ ಕಾಣುವ ಆ ಚಿನ್ನದ ಸೇತುವೆ ಬಿಟ್ಟರೆ ಕಾಡು, ಬೆಟ್ಟ, ಕಡಲು ಅಂತ ಏನಾದರೂ ಇದೆಯಾ ಎಂದು ಕೇಳಿದ್ದೀರಿ. ಬೇಕಾದಷ್ಟಿದೆ. ಆದರೆ ಟಿಕೆಟ್ ಇನ್ನೂ ಮಾಡಿಸಿಲ್ಲ ಅಂದರೆ ಮೊದಲು ತಿಂಗಳು ಬದಲಾಯಿಸಿ.

ನಮ್ಮ ಮಳೆಗಾಲದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಜೂನ್-ಜುಲೈನಲ್ಲಿ ನಮ್ಮಲ್ಲಿ ಸುರಿಯುವಾಗ ಅಲ್ಲಿ ಉರಿಬಿಸಿಲು, ಯಾಕೆಂದರೆ ನೈಋತ್ಯದ ಗಾಳಿಯನ್ನು ಪಶ್ಚಿಮದ ಬೆಟ್ಟಸಾಲು ತಡೆದುಬಿಡುತ್ತದೆ. ಮಳೆ ಬರುವುದು ಈಶಾನ್ಯದ ಗಾಳಿಗೆ, ಅಕ್ಟೋಬರ್-ನವೆಂಬರ್‌ನಲ್ಲಿ ಜಾಸ್ತಿ. ಪಕ್ಕದ ಹೋಯ್ ಆನ್ ಊರಿನ ಬೀದಿಗಳಿಗೆ ಆಗ ನದಿ ನೀರು ನುಗ್ಗುವುದೂ ಉಂಟು. ಫೆಬ್ರವರಿಯಿಂದ ಮೇ ಒಳಗೆ ಹೋಗಿ. ನಾನು ಅಮ್ಮನ ಜೊತೆ ಹೋಗಿದ್ದು ಮಾರ್ಚ್‌ನಲ್ಲಿ.

ಒಂದೇ ಜಾಗ ನೋಡಲು ಟೈಮ್ ಇದ್ದರೆ ಸೋನ್ ತ್ರಾಗೆ ಹೋಗಿ. ಊರಿಗೆ ಅಂಟಿಕೊಂಡೇ ಕಡಲಿಗೆ ಚಾಚಿರುವ ಕಾಡುಗುಡ್ಡ ಅದು, ಸುಮಾರು 700 ಮೀಟರ್ ಎತ್ತರ. ಕೆಂಪು ಕಾಲಿನ ಡೂಕ್ ಲಂಗೂರ್ ಅನ್ನುವ ಕೋತಿ ಇಲ್ಲಿ ಕಾಣಸಿಗುತ್ತದೆ. ಬೆಳಗ್ಗೆ ಆರೂವರೆಗೆ ರಸ್ತೆ ಬದಿ ಕಾರು ನಿಲ್ಲಿಸಿ ಸುಮ್ನೆ ಕಾಯುತ್ತಿದ್ದೆವು. ಮರದಲ್ಲಿ ಎಲೆ ಅಲುಗಿತು, ಆಮೇಲೆ ಬಿಳೀ ಬಾಲವೊಂದು ಇಳಿಬಿತ್ತು. ಮೊಣಕಾಲಿನ ಕೆಳಗೆ ಇಟ್ಟಿಗೆ ಕೆಂಪು, ಮೊಣಕೈಯಿಂದಾಚೆ ಬಿಳಿ, ಮುಖಕ್ಕೆ ಅರಿಶಿನ ಬಳಿದ ಹಾಗೆ. "ವೇಷ ಕಟ್ಟಿಕೊಂಡು ಬಂದಿದೆಯಲ್ಲೇ!" ಅಂದರು ಅಮ್ಮ. ನಮ್ಮ ಕಡೆ ಕೋತಿಗಳ ಥರ ಚೀಲಕ್ಕೆ ಕೈ ಹಾಕಲಿಲ್ಲ. ನಮ್ಮನ್ನು ಒಂದು ಸಲ ನೋಡಿ, ಮತ್ತೆ ಎಲೆ ಕಿತ್ತು ತಿನ್ನುತ್ತಾ ಕೂತಿತು. ಮೇಲಿನ ರಸ್ತೆ ತುಂಬಾ ಕಡಿದು, ಗೇರ್ ಇಲ್ಲದ ಸ್ಕೂಟರ್‌ಗಳನ್ನು ಬಿಡುವುದಿಲ್ಲ. ಹಿರಿಯರಿದ್ದಾರಲ್ವಾ, ಕಾರೇ ಮಾಡಿಕೊಳ್ಳಿ.

ಅಮೃತಶಿಲೆ ಬೆಟ್ಟಗಳಿಗೆ ಅರ್ಧ ದಿನ ಸಾಕು. ಲೋಹ, ಮರ, ನೀರು, ಬೆಂಕಿ, ಮಣ್ಣು ಅಂತ ಹೆಸರಿಟ್ಟ ಗುಡ್ಡಗಳಿವು. ಜನ ಹತ್ತುವುದು ನೀರಿನ ಬೆಟ್ಟ, ಥುಯ್ ಸೋನ್. ಲಿಫ್ಟ್ ಇದೆ, ಆದರೆ ಮೇಲೆ ಹೋದ ಮೇಲೂ ಮೆಟ್ಟಿಲು ತಪ್ಪಿದ್ದಲ್ಲ. ಹುಯೆನ್ ಖೋಂಗ್ ಗುಹೆಯ ಚಾವಣಿಯಲ್ಲಿ ತೂತುಗಳಿವೆ. ಬಿಸಿಲು ಅಲ್ಲಿಂದ ಇಳಿದು ಊದುಬತ್ತಿ ಹೊಗೆಯಲ್ಲಿ ಕೋಲಿನ ಹಾಗೆ ನಿಲ್ಲುತ್ತದೆ. ಮೋಡ ಇದ್ದ ದಿನ ಹೋದರೆ ಬರೀ ಕತ್ತಲೆ. ಕೆಳಗಿನ ಅಂಗಡಿಗಳಲ್ಲಿ ಮಾರುವ ವಿಗ್ರಹಗಳನ್ನು ಅದೇ ಬೆಟ್ಟದ ಕಲ್ಲು ಅಂತ ನಂಬಬೇಡಿ. ಅಲ್ಲಿ ಕಲ್ಲು ತೆಗೆಯುವುದು ನಿಂತಿದೆ, ಈಗ ಹೊರಗಿನಿಂದ ತರುತ್ತಾರೆ.

ಹಾಯ್ ವಾನ್ ಘಾಟಿಗೆ ಹುಯೆ ಊರಿನ ರೈಲು ಹಿಡಿಯಿರಿ, ಬಲಗಡೆ ಕಿಟಕಿ ಸೀಟು ಸಿಕ್ಕರೆ ಒಳ್ಳೆಯದು. ಕಾಡಿನ ಅಂಚು, ಕೆಳಗೆ ನೇರ ಕಡಲು. ಕಾರಲ್ಲಿ ಹೋಗುವುದಾದರೆ ಡ್ರೈವರ್‌ಗೆ ಹಳೇ ರಸ್ತೆ ಅಂತ ಮೊದಲೇ ಹೇಳಿ. ಇಲ್ಲದಿದ್ದರೆ 6 ಕಿಲೋಮೀಟರ್ ಸುರಂಗದಲ್ಲಿ ತೂರಿಸಿ ಆಚೆ ಬಿಡುತ್ತಾನೆ, ಘಾಟಿ ಕಾಣುವುದೇ ಇಲ್ಲ.

ಇನ್ನು ಆ ಚಿನ್ನದ ಸೇತುವೆ. 2018ರಲ್ಲಿ ಕಟ್ಟಿದ್ದು. ಫೋಟೋದಲ್ಲಿ ಪಾಚಿ ಹಿಡಿದ ಕಲ್ಲಿನ ಥರ ಕಾಣುವ ಆ ಕೈಗಳು ಫೈಬರ್‌ಗ್ಲಾಸ್. ಅಲ್ಲಿಗೆ ಹತ್ತುವ ಕೇಬಲ್ ಕಾರು ಚೆನ್ನಾಗಿದೆ, ಜನಜಂಗುಳಿ ಸಾಕುಸಾಕು. ನಾನಾದರೆ ಆ ದಿನವನ್ನೂ ಸೋನ್ ತ್ರಾಗೇ ಕೊಡುತ್ತಿದ್ದೆ.

ಸಸ್ಯಾಹಾರಿಗಳಾದರೆ ಬೋರ್ಡಿನಲ್ಲಿ 'ಚಾಯ್' ಅಂತ ಇರುವ ಹೋಟೆಲ್ ಹುಡುಕಿ. ಟೀ ಅಂದುಕೊಳ್ಳಬೇಡಿ, ಸಸ್ಯಾಹಾರ ಅಂತ ಅರ್ಥ. ಬೇರೆ ಕಡೆ ಬರೀ ಸೊಪ್ಪು ಹುರಿದರೂ ಮೀನಿನ ಸಾಸ್ ಬಿದ್ದಿರುತ್ತದೆ.