ಹಳೆಯ ಟೇಬಲ್ ಫ್ಯಾನಿಗೆ ಮೂರನೆಯ ತಂತಿ

ಪ್ರಶ್ನೆ: ನಮ್ಮ ಮನೆ ಡೊಂಬಿವಲಿಯ ಹಳೆಯ ಕಟ್ಟಡವೊಂದರಲ್ಲಿದೆ. ತಂದೆಯವರು ಊರಿನಿಂದ ಬಂದು ಹೋಟೆಲ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಂಡ, ಕಬ್ಬಿಣದ ಮೈಯ ಟೇಬಲ್ ಫ್ಯಾನ್ ಇಂದಿಗೂ ತಿರುಗುತ್ತದೆ. ತಾಯಿಯವರು ಅದನ್ನು ಗುಜರಿಗೆ ಹಾಕಲು ಒಪ್ಪುವುದಿಲ್ಲ. ಅದಕ್ಕಿರುವುದು ಎರಡೇ ತಂತಿ, ಎರಡು ಪಿನ್ನಿನ ಪ್ಲಗ್. ಮಳೆಗಾಲದಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಫ್ಯಾನಿನ ಗುಂಡಿಯನ್ನು ಆರಿಸಿದ ಮೇಲೂ ಕೆಲವೊಮ್ಮೆ ಹಾಗಾಗುತ್ತದೆ. ಪರಿಚಿತರೊಬ್ಬರು ಹೇಳಿದಂತೆ ಪ್ಲಗ್ಗನ್ನು ತಿರುಗಿಸಿ ಹಾಕಿದಾಗ ಕಡಿಮೆಯಾಯಿತು. ಮೂರು ಪಿನ್ನಿನ ಪ್ಲಗ್ ಹಾಕಿ ಅರ್ತಿಂಗ್ ಕೊಟ್ಟರೆ ಸಾಕೇ? ಈಚೆಗೆ ಎಲೆಯನ್ನು ಕೈಯಿಂದ ದೂಡದೆ ಫ್ಯಾನ್ ಹೊರಡುವುದಿಲ್ಲ. ದೊಡ್ಡ ಕೆಪಾಸಿಟರ್ ಹಾಕಬಹುದೇ?

ಉತ್ತರ: ಈ ಪತ್ರ ಓದಿದ ಕೂಡಲೇ ಪ್ಲಗ್ಗನ್ನು ಕಿತ್ತಿಡಿ, ರಿಪೇರಿ ಮುಗಿಯುವವರೆಗೆ ತಾಯಿಯವರು ಅದನ್ನು ಬಳಸದಂತೆ ನೋಡಿಕೊಳ್ಳಿ. ಸುಮಾರು ಅರ್ಧ ಮಿಲಿಆಂಪಿಯರ್ ವಿದ್ಯುತ್ತು ಹರಿದರೂ ಚರ್ಮ ಜುಮ್ಮೆನ್ನುತ್ತದೆ. 10 ಮಿಲಿಆಂಪಿಯರ್ ಆಸುಪಾಸಿಗೆ ಬಂದರೆ ಹಿಡಿದ ಕೈ ಬಿಗಿದುಕೊಂಡು ಬಿಡಿಸಿಕೊಳ್ಳಲಾಗದ ಸ್ಥಿತಿ ಉಂಟಾಗುತ್ತದೆ. ಒದ್ದೆ ಕೈ, ಒದ್ದೆ ನೆಲ ಸೇರಿದರೆ ಇವೆರಡರ ನಡುವಿನ ಅಂತರ ಬಹಳ ಕಡಿಮೆ.

ಪ್ಲಗ್ ತಿರುಗಿಸಿದಾಗ ದೋಷ ಹೋಗಲಿಲ್ಲ, ಮರೆಯಾಯಿತು ಅಷ್ಟೆ. ತೇವ ಹೀರಿದ ವೈಂಡಿಂಗಿನ (ಮೋಟಾರಿನೊಳಗೆ ಸುತ್ತಿದ ತಂತಿಯ) ಒಂದು ತುದಿಯಲ್ಲಿ ಸೋರಿಕೆಯಿದ್ದರೆ, ಆ ತುದಿಗೆ ಫೇಸ್ (ವಿದ್ಯುತ್ತು ತರುವ ತಂತಿ) ಬಂದಾಗ ಮೈಗೆ ಹೆಚ್ಚು ವೋಲ್ಟೇಜು ತಲುಪುತ್ತದೆ, ನ್ಯೂಟ್ರಲ್ (ಅದು ಮರಳುವ ತಂತಿ) ಬಂದಾಗ ಕಡಿಮೆ. ಗುಂಡಿಯನ್ನು ಆರಿಸಿದ ಮೇಲೂ ಜುಮ್ಮೆನ್ನುವುದಕ್ಕೆ ಕಾರಣವೂ ಇಲ್ಲೇ ಇದೆ: ಎರಡು ಪಿನ್ನಿನ ಪ್ಲಗ್ಗನ್ನು ಹೇಗೆ ಬೇಕಾದರೂ ಚುಚ್ಚಬಹುದಾದ್ದರಿಂದ, ಗುಂಡಿಯು ನ್ಯೂಟ್ರಲ್ ತಂತಿಯನ್ನು ಕತ್ತರಿಸುವಂತಾದಾಗ ಫ್ಯಾನ್ ನಿಲ್ಲುತ್ತದೆ, ಆದರೆ ವೈಂಡಿಂಗ್ ಪೂರ್ತಿ 230 ವೋಲ್ಟಿನಲ್ಲೇ ಉಳಿಯುತ್ತದೆ.

ಆದ್ದರಿಂದ ಮೊದಲ ಕೆಲಸ ಅರ್ತಿಂಗ್ ಕೊಡುವುದಲ್ಲ, ಸೋರಿಕೆಯನ್ನು ಅಳೆಯುವುದು. ಮೋಟಾರ್ ರಿವೈಂಡಿಂಗ್ ಮಾಡುವ ಅಂಗಡಿಯಲ್ಲಿ ಇಂಥ ಸೋರಿಕೆಯನ್ನು ಪರೀಕ್ಷಿಸುವ 500 ವೋಲ್ಟಿನ ಮೆಗ್ಗರ್ ಎಂಬ ಉಪಕರಣ ಇರುತ್ತದೆ. ವೈಂಡಿಂಗಿಗೂ ಮೈಗೂ ನಡುವೆ ಒಂದು ಮೆಗಾಓಮ್ ಕೂಡ ತೋರದಿದ್ದರೆ ಅದನ್ನು ಒಣಗಿಸಿ ವಾರ್ನಿಷ್ ಮಾಡಬೇಕು, ಅದರಿಂದಲೂ ಸುಧಾರಿಸದಿದ್ದರೆ ಹೊಸದಾಗಿ ಸುತ್ತಿಸಬೇಕು.

ಅನಂತರ ತಂತಿ. ಇಂತಹ ಫ್ಯಾನು ಕಾಲು ಆಂಪಿಯರಿನಷ್ಟನ್ನೇ ಎಳೆಯುತ್ತದೆ. ಆದರೂ ಬಾಳಿಕೆಗಾಗಿ 0.75 ಚದರ ಮಿಲಿಮೀಟರಿನ, ಮೂರು ಎಳೆಯ ಮೃದು ಕೇಬಲ್ ತೆಗೆದುಕೊಳ್ಳಿ. ಫೇಸ್ ಎಳೆ ಮೊದಲು ವೇಗದ ಗುಂಡಿಗೆ ಹೋಗಬೇಕು. ಅರ್ತಿಂಗಿನ ಹಸಿರು ಎಳೆಯ ವಿಷಯದಲ್ಲಿ ಅನೇಕರು ತಪ್ಪುತ್ತಾರೆ: ಅದನ್ನು ಬುಡದ ಯಾವುದೋ ಒಂದು ಸ್ಕ್ರೂಗೆ ಕಟ್ಟಿ ಮುಗಿಸುತ್ತಾರೆ. ಅತ್ತಿತ್ತ ತಿರುಗುವ ಫ್ಯಾನಿನಲ್ಲಿ ಕತ್ತಿನ ಭಾಗದ ಬಣ್ಣ, ಗ್ರೀಸು, ಪ್ಲಾಸ್ಟಿಕ್ ಬುಶ್‌ಗಳಿಂದಾಗಿ ಬುಡಕ್ಕೂ ಮೋಟಾರಿನ ಮೈಗೂ ಸಂಪರ್ಕ ಇಲ್ಲದಿರಬಹುದು. ಮೋಟಾರಿನ ಮೈಯಲ್ಲಿ ಬಣ್ಣ ಕೆರೆದು, ರಿಂಗ್ ಲಗ್ (ತಂತಿಯ ತುದಿಗೆ ಹಾಕುವ ಲೋಹದ ಉಂಗುರ) ಮತ್ತು ಹಲ್ಲಿನ ವಾಷರ್ ಹಾಕಿ ಬಿಗಿದು, ಅಲ್ಲಿಂದ ಬುಡಕ್ಕೂ ಒಂದು ತುಂಡು ಎಳೆದು, ಜಾಲರಿ ಸೇರಿದಂತೆ ಎಲ್ಲ ಲೋಹದ ಭಾಗಗಳಿಗೂ ಪ್ಲಗ್ಗಿನ ದಪ್ಪ ಪಿನ್ನಿಗೂ ಸಂಪರ್ಕವಿದೆಯೇ ಎಂದು ಮಲ್ಟಿಮೀಟರಿನಿಂದ ನೋಡಬೇಕು. ಕತ್ತಿನಲ್ಲಿ ತಂತಿಗೆ ಸಡಿಲ ಬಿಡಿ, ಕೇಬಲ್ ಒಳಹೋಗುವ ರಂಧ್ರಕ್ಕೆ ರಬ್ಬರ್ ಬುಶ್ ಹಾಕಿ. ಪ್ಲಗ್ಗಿನೊಳಗೆ ಹಸಿರು ಎಳೆ ಉಳಿದೆರಡಕ್ಕಿಂತ ತುಸು ಉದ್ದವಿರಲಿ. ಕೇಬಲ್ ಎಳೆದುಬಂದರೂ ಅದು ಕೊನೆಗೆ ಕಳಚಬೇಕು.

ಇಷ್ಟಾದರೂ ಮನೆಯ ಸಾಕೆಟ್ಟಿನಲ್ಲಿ ನಿಜವಾದ ಅರ್ತಿಂಗ್ ಇರದಿದ್ದರೆ ಈ ಶ್ರಮವೆಲ್ಲ ವ್ಯರ್ಥ, ಒಂದು ಬಗೆಯಲ್ಲಿ ಅಪಾಯವೂ ಹೌದು. ಮುಂಬೈ ಪುಣೆಗಳ ಹಳೆಯ ಚಾಳುಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದು, ಮೇಲಿನ ತೂತಿನ ಹಿಂದೆ ತಂತಿಯೇ ಇಲ್ಲದಿರುವುದನ್ನು ಕಂಡಿದ್ದೇನೆ. ಇನ್ನೂ ಕೆಟ್ಟದ್ದೆಂದರೆ, ಹಸಿರು ತಂತಿಗಳನ್ನೆಲ್ಲ ಪರಸ್ಪರ ಕಟ್ಟಿ ನೆಲಕ್ಕೆ ಮಾತ್ರ ಮುಟ್ಟಿಸದಿರುವುದು: ಆಗ ಗೀಸರಿನ ದೋಷ ಫ್ಯಾನಿನ ಮೈಗೆ, ಫ್ಯಾನಿನ ದೋಷ ಫ್ರಿಜ್ಜಿನ ಬಾಗಿಲಿಗೆ ಬರುತ್ತದೆ. ನ್ಯೂಟ್ರಲ್ಲನ್ನೇ ಮೇಲಿನ ಪಿನ್ನಿಗೆ ಕಟ್ಟಿಕೊಡುವವರೂ ಇದ್ದಾರೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ; ಎಲ್ಲೋ ಒಂದು ಕಡೆ ನ್ಯೂಟ್ರಲ್ ಕಡಿದುಹೋದರೆ ಫ್ಯಾನಿನ ಮೈಯೇ ಫೇಸ್ ಆಗುತ್ತದೆ. ನಲ್ಲಿಯ ಪೈಪಿಗೆ ಕಟ್ಟುವುದೂ ಬೇಡ, ನಡುವೆ ಪ್ಲಾಸ್ಟಿಕ್ ಪೈಪು ಬಂದಿರುತ್ತದೆ.

ಮೀಟರಿನಿಂದೀಚೆಗಿನ ಅರ್ತಿಂಗಿನ ಪರೀಕ್ಷೆ ಮತ್ತು ರಿಪೇರಿಯನ್ನು ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಮಾಡಿಸಿ. ಫ್ಯಾನು, ಸ್ವಿಚ್ಚು, ಫ್ಯೂಸುಗಳಂಥವನ್ನು ಬದಲಿಸುವುದಕ್ಕೆ ನಿಯಮದಲ್ಲಿ ವಿನಾಯಿತಿಯಿದೆ, ಮನೆಯ ವೈರಿಂಗ್ ಬದಲಿಸುವುದಕ್ಕೆ ಇಲ್ಲ. ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ತು ಸೋರಿದರೆ ತಾನಾಗಿ ಕಡಿಯುವ ಸ್ವಿಚ್ಚು) ಹಾಕಿಸಿ. ಅರ್ತಿಂಗಿನ ದಾರಿಯಲ್ಲಿ 20 ಓಮ್ ತಡೆಯಿದ್ದರೆ ದೋಷದ ಸಮಯದಲ್ಲಿ ಹರಿಯುವುದು ಹನ್ನೊಂದೂವರೆ ಆಂಪಿಯರ್ ಮಾತ್ರ. ಅಷ್ಟಕ್ಕೆ 6 ಆಂಪಿಯರಿನ ಎಂಸಿಬಿ (ವಿದ್ಯುತ್ತು ಮಿತಿಮೀರಿದರೆ ಕಡಿಯುವ ಸ್ವಿಚ್ಚು) ತಕ್ಷಣ ಬೀಳುವುದಿಲ್ಲ, ಆರ್‌ಸಿಸಿಬಿ ಬೀಳುತ್ತದೆ.

ಇನ್ನು ಕೆಪಾಸಿಟರ್. ದೊಡ್ಡದು ಬೇಡ. ಹಳೆಯದರ ಮೇಲೆ ಬರೆದಿರುವಷ್ಟೇ ಮೈಕ್ರೋಫ್ಯಾರಡಿನ, ಅದಕ್ಕಿಂತ ಕಡಿಮೆಯಲ್ಲದ ವೋಲ್ಟೇಜಿನದನ್ನೇ ಹಾಕಿ. ಹೆಚ್ಚಿನದು ಹಾಕಿದರೆ ಸ್ಟಾರ್ಟಿಂಗ್ ವೈಂಡಿಂಗಿನಲ್ಲಿ ವಿದ್ಯುತ್ತು ಹೆಚ್ಚಿ ಅದು ಕಾಯುತ್ತದೆ, ಹಳೆಯ ಇನ್ಸುಲೇಷನ್ ಬೇಗ ಸುಡುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರಬಹುದಾದ್ದರಿಂದ ಅದರ ತುದಿಗಳನ್ನು ಬರಿಗೈಯಿಂದ ಮುಟ್ಟುವ ಮೊದಲು 10 ಕಿಲೋಓಮಿನ ರೆಸಿಸ್ಟರನ್ನು ಇಕ್ಕಳದಲ್ಲಿ ಹಿಡಿದು ಅಡ್ಡ ಇಟ್ಟು ಖಾಲಿ ಮಾಡಬೇಕು. ಅದಕ್ಕೂ ಮುಂಚೆ, ಪ್ಲಗ್ ಕಿತ್ತಿರುವಾಗಲೇ ಎಲೆಯನ್ನು ಬೆರಳಿನಿಂದ ತಿರುಗಿಸಿ ನೋಡಿ: ಅದು ಹಗುರವಾಗಿ ಸುತ್ತದೆ ತಡೆದು ನಿಂತರೆ ತಪ್ಪು ಕೆಪಾಸಿಟರಿನದಲ್ಲ, ಮೋಟಾರಿನ ಶಾಫ್ಟ್ ತಿರುಗುವ ಬುಶ್ಶಿನಲ್ಲಿ ಎಣ್ಣೆ ಒಣಗಿದೆ.